ಪಿಕಪ್‌ನ ಹಿಂದಿನ ಬ್ರೇಕ್ ಶೂ ಮನೆಯಲ್ಲೇ ಬದಲಾಯಿಸೋದು

ಪಿಕಪ್ ಇಟ್ಕೊಂಡಿರೋರು ಮುಂದಿನ ಡಿಸ್ಕ್ ಪ್ಯಾಡ್ ಆಗಾಗ ನೋಡ್ತಾರೆ. ಹಿಂದಿನ ಡ್ರಮ್ ಮಾತ್ರ ಕಿರ್ ಅನ್ನೋವರೆಗೂ ಬಿಚ್ಚಲ್ಲ. ಖಾಲಿ ಗಾಡಿಯಲ್ಲಿ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುತ್ತೆ, ನಿಜ. ಆದ್ರೆ ಬೊಲೆರೊ ಪಿಕಪ್‌ನಲ್ಲಿ 1,300 ಕೆಜಿ, 1,700 ಕೆಜಿ ಹೊರೋ ಮಾಡೆಲ್‌ಗಳಿವೆ. ಆ ತೂಕದಲ್ಲಿ ಹೆಚ್ಚಿನ ಪಾಲು ಹಿಂದಿನ ಆಕ್ಸೆಲ್ ಮೇಲೇ ಬೀಳುತ್ತೆ. ಅದಕ್ಕೇ ಹಲವು ಪಿಕಪ್‌ಗಳಲ್ಲಿ ಆಕ್ಸೆಲ್ ಹತ್ರ ಒಂದು ವಾಲ್ವ್ ಕೊಟ್ಟಿರ್ತಾರೆ. ಲೋಡ್ ಜಾಸ್ತಿಯಾದಷ್ಟೂ ಅದು ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಬಿಡುತ್ತೆ. ಮಾಲು ತುಂಬ್ಕೊಂಡು ಶಿರಾಡಿ ಘಾಟಿ ಇಳಿಯೋವಾಗ ನಿಮ್ಮನ್ನ ಕಾಯೋದರಲ್ಲಿ ಈ ಡ್ರಮ್‌ಗೆ ದೊಡ್ಡ ಪಾಲಿದೆ.

ಕೆಲಸಕ್ಕೆ ಇಳಿಯೋಣ. ಗಟ್ಟಿಯಾದ, ಸಮತಟ್ಟಾದ ನೆಲ ಬೇಕು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಡಿ. ಡ್ರಮ್ ಹೊರಗೆ ಬರಬೇಕಾದ್ರೆ ಹ್ಯಾಂಡ್‌ಬ್ರೇಕ್ ಬಿಡಲೇಬೇಕು, ಹಾಗಾಗಿ ಗಾಡಿ ನಿಲ್ಲೋದು ಈ ಕಟ್ಟೆಯಿಂದಲೇ. ಗೇರ್‌ನಲ್ಲಿ ಹಾಕಿದೀನಿ ಅಂತ ನಂಬ್ಕೋಬೇಡಿ. ಗೇರ್ ಹಿಡಿಯೋದು ಹಿಂದಿನ ಚಕ್ರಾನ. ಅದರಲ್ಲಿ ಒಂದು ಮೇಲೆದ್ದರೆ ಸಾಕು, ಡಿಫರೆನ್ಷಿಯಲ್ ಇರೋದ್ರಿಂದ ನೆಲದಲ್ಲಿರೋ ಇನ್ನೊಂದು ಉರುಳಬಹುದು. ನಟ್‌ಗಳನ್ನ ಚಕ್ರ ನೆಲದಲ್ಲಿರೋವಾಗಲೇ ಸಡಿಲಿಸಿ, ಆಮೇಲೆ ಜಾಕ್ ಕೊಟ್ಟು, ಆಕ್ಸೆಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ನಿಂತ ಗಾಡಿಗೆ ಕೈ ಹಾಕಬೇಡಿ. ಹಾಲೋ ಬ್ಲಾಕ್ ಕೂಡ ಬೇಡ, ಅದು ಹೇಳದೆ ಕೇಳದೆ ಒಡೆಯುತ್ತೆ.

ಡ್ರಮ್ ಸುಲಭಕ್ಕೆ ಬರಲ್ಲ. ಹಿಡಿದಿರೋ ಸ್ಕ್ರೂ ಇದ್ರೆ ಮೊದಲು ಅದನ್ನ ತೆಗೀರಿ. ಹಬ್ ಸುತ್ತ ತುಕ್ಕು ಹಿಡಿದಿದ್ರೆ ತುಕ್ಕು ಬಿಡಿಸೋ ಆಯಿಲ್ ಹಾಕಿ ಸ್ವಲ್ಪ ಹೊತ್ತು ಬಿಡಿ. ಕೆಲವು ಡ್ರಮ್‌ಗಳ ಮುಖದಲ್ಲಿ ಮರೆ (ಥ್ರೆಡ್) ಇರೋ ಎರಡು ತೂತಿರುತ್ತೆ. ಅಳತೆಗೆ ಸರಿಯಾದ ಎರಡು ಬೋಲ್ಟ್ ಹಾಕಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗಿಸಿದ್ರೆ ಡ್ರಮ್ ತಾನೇ ಈಚೆ ಬರುತ್ತೆ. ಆಗಲೂ ಬರದಿದ್ರೆ, ಸವೆದ ಡ್ರಮ್‌ನ ಅಂಚಿಗೆ ಶೂ ಸಿಕ್ಕಿಕೊಂಡಿರುತ್ತೆ. ಹಿಂದಿನ ಪ್ಲೇಟಿನ ಕಿಂಡಿಯಿಂದ ಸ್ಕ್ರೂಡ್ರೈವರ್ ಹಾಕಿ ಅಡ್ಜಸ್ಟರ್‌ನ ಹಲ್ಲು ಚಕ್ರ ಹಿಂದಕ್ಕೆ ತಿರುಗಿಸಿ. ದೊಡ್ಡ ಸುತ್ತಿಗೆ ತಗೊಂಡು ಅಂಚಿಗೆ ಬಡಿಯೋದು ಬೇಡ. ಡ್ರಮ್ ಎರಕದ ಕಬ್ಬಿಣ, ಸೀಳು ಬಿಡುತ್ತೆ.

ಡ್ರಮ್ ತೆಗೆದ ತಕ್ಷಣ ಒಳಗೆ ಕಪ್ಪು ಧೂಳು ಕಾಣುತ್ತೆ. ಇದಕ್ಕೆ ಏರ್ ಹೊಡೀಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಎಳೆ ಶ್ವಾಸಕೋಶಕ್ಕೆ ಹೋದ್ರೆ ಹತ್ತಾರು ವರ್ಷ ಬಿಟ್ಟು ಕ್ಯಾನ್ಸರ್ ಆಗಿ ಎದ್ದೇಳಬಹುದು. ಗ್ಯಾರೇಜಿನಲ್ಲಿ ಕೆಲಸ ಕಲಿಯೋ ಹುಡುಗರು ಮುಖಕ್ಕೆ ಏನೂ ಕಟ್ಟದೆ ಈ ಧೂಳು ಊದೋದು ನೋಡಿದ್ರೆ ಸಂಕಟ ಆಗುತ್ತೆ. ಬ್ರೇಕ್ ಕ್ಲೀನರ್ ಮೆತ್ತಗೆ ಸಿಂಪಡಿಸಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನ ಕವರ್‌ನಲ್ಲಿ ಕಟ್ಟಿಡಿ.

ಈಗ ಮುಖ್ಯವಾದ ಮಾತು. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು. ಸ್ಪ್ರಿಂಗ್ ಯಾವ ತೂತಿಗೆ, ಹ್ಯಾಂಡ್‌ಬ್ರೇಕ್ ಲಿವರ್ ಯಾವ ಶೂಗೆ ಅಂತ ಗೊಂದಲ ಆದಾಗ ಬಿಚ್ಚದೇ ಇರೋ ಕಡೆ ನೋಡ್ಕೋಬಹುದು. ಬಿಚ್ಚೋ ಮೊದಲು ಮೊಬೈಲಲ್ಲಿ ಫೋಟೋನೂ ತೆಗೀರಿ. ಅಡ್ಜಸ್ಟರ್‌ಗಳ ಮರೆ ಸಾಮಾನ್ಯವಾಗಿ ಎಡಕ್ಕೊಂದು ದಿಕ್ಕು, ಬಲಕ್ಕೊಂದು ದಿಕ್ಕು. ಅದಲು ಬದಲಾದ್ರೆ ಬ್ರೇಕ್ ಬಿಗಿಯಾಗೋ ಬದಲು ದಿನದಿಂದ ದಿನಕ್ಕೆ ಸಡಿಲ ಆಗ್ತಾ ಹೋಗುತ್ತೆ. ಡ್ರಮ್ ಹೊರಗಿರೋವಾಗ ಯಾರೂ ಪೆಡಲ್ ಒತ್ತಬಾರದು, ಒತ್ತಿದ್ರೆ ವೀಲ್ ಸಿಲಿಂಡರ್‌ನ ಪಿಸ್ಟನ್ ಹೊರಗೆ ಹಾರುತ್ತೆ. ಸ್ಪ್ರಿಂಗ್ ಬಿಚ್ಚೋವಾಗ ಕಣ್ಣಿಗೆ ಕನ್ನಡಕ ಇರಲಿ.

ಹೊಸ ಶೂ ಕೂರಿಸೋ ಮುಂಚೆ ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ಎತ್ತಿ ನೋಡಿ. ಒಳಗೆ ಬ್ರೇಕ್ ಆಯಿಲ್ ನಿಂತಿದ್ರೆ ಸಿಲಿಂಡರ್ ಹೋಗಿದೆ. ಗಟ್ಟಿ ಗೇರ್ ಆಯಿಲ್ ವಾಸನೆ ಬಂದ್ರೆ ಅದು ಆಕ್ಸೆಲ್ ಸೀಲ್‌ನ ಸೋರಿಕೆ. ಇವೆರಡನ್ನೂ ಸರಿಮಾಡದೆ ಹೊಸ ಶೂ ಹಾಕಿದ್ರೆ ಅದೂ ನೆನೆದು ಹಾಳಾಗುತ್ತೆ. ಎಣ್ಣೆ ಕುಡಿದ ಲೈನರನ್ನ ಪೆಟ್ರೋಲಲ್ಲಿ ತೊಳೆದು ಹಾಕೋ ರೂಢಿ ಇದೆ. ಮೇಲೆ ಒಣಗಿದ ಹಾಗೆ ಕಂಡರೂ ಬಿಸಿಯಾದಾಗ ಎಣ್ಣೆ ಒಳಗಿಂದ ಮತ್ತೆ ಮೇಲೇಳುತ್ತೆ. ಡ್ರಮ್ ಮೇಲೆ ಗರಿಷ್ಠ ಒಳವ್ಯಾಸ ಕೆತ್ತಿರ್ತಾರೆ. ಲೇತ್‌ಗೆ ಕೊಟ್ಟ ಮೇಲೂ ಆ ಅಳತೆ ದಾಟಬಾರದು, ದಾಟಿದ್ರೆ ಹೊಸ ಡ್ರಮ್ಮೇ ಗತಿ. ಪ್ಲೇಟಿನಲ್ಲಿ ಶೂ ಉಜ್ಜೋ ಜಾಗಗಳಿಗೆ ಮಾತ್ರ ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ.

ಡ್ರಮ್ ಹಾಕಿ, ಕೈಯಲ್ಲಿ ತಿರುಗಿಸಿದಾಗ ಸಣ್ಣಗೆ ಉಜ್ಜೋ ಸದ್ದು ಬರೋವರೆಗೆ ಅಡ್ಜಸ್ಟರ್ ಬಿಗಿ ಮಾಡಿ. ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ಕೈ ಹಾಕೋದು ಎರಡೂ ಕಡೆ ಶೂ ಅಡ್ಜಸ್ಟ್ ಆದ ಮೇಲೆ. ಶೂ ಸವೆದಾಗೆಲ್ಲ ಬರೀ ಕೇಬಲ್ ಎಳೆದು ಬಿಗಿ ಮಾಡೋರಿದಾರೆ. ಲಿವರ್ ಗಟ್ಟಿ ಅನ್ಸುತ್ತೆ, ಪೆಡಲ್ ಮಾತ್ರ ಕೆಳಗೇ ಇರುತ್ತೆ.

ಸಿಲಿಂಡರ್ ಬದಲಾಯಿಸಿದ್ರೆ ಏರ್ ತೆಗೀಲೇಬೇಕು. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ನೀರಿನಂಶ ಹೀರಿಕೊಂಡರೆ ಈ ಮಿತಿ 155ಕ್ಕೆ ಇಳಿಯುತ್ತೆ. ಹಾಗಾಗಿ ತೆರೆದಿಟ್ಟ ಹಳೇ ಬಾಟಲಿ ಬೇಡ. ಏರ್ ತೆಗೆಯೋದು ಗೊತ್ತಿಲ್ಲದಿದ್ರೆ ಅದೊಂದು ಕೆಲಸಕ್ಕೆ ಮೆಕ್ಯಾನಿಕ್ ಅಣ್ಣನ್ನ ಮನೆಗೇ ಕರೆಸಿ.

ಗಾಡಿ ತೆಗೆಯೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೆ ತುಳೀರಿ. ಲೋಡ್ ಇಲ್ಲದೆ, ಖಾಲಿ ರಸ್ತೆಯಲ್ಲಿ, 40 ಕಿಲೋಮೀಟರ್ ವೇಗದಿಂದ ಮೆಲ್ಲಗೆ ಹಲವು ಸಲ ನಿಲ್ಲಿಸಿ. ಮಧ್ಯೆ ಮಧ್ಯೆ ಆರೋದಕ್ಕೆ ಬಿಡಿ. ಗಾಡಿ ಒಂದು ಕಡೆಗೆ ಎಳೆದ್ರೆ, ಒಂದು ಡ್ರಮ್ ಮಾತ್ರ ಕೈ ಸುಡೋಷ್ಟು ಬಿಸಿಯಾದ್ರೆ, ಆ ಕಡೆ ಮತ್ತೆ ಬಿಚ್ಚಿ ನೋಡಿ. ಒಂದೆರಡು ದಿನ ಓಡಿಸಿದ ಮೇಲೆ ಚಕ್ರದ ನಟ್‌ಗಳನ್ನ ಇನ್ನೊಮ್ಮೆ ಬಿಗಿ ಮಾಡಿ, ಆಮೇಲೆ ಲೋಡ್ ಹಾಕಿ.