ಬಂಡೆಯ ಆಳ ತಿಳಿಯಲು ಕಂಪನದ ಅಲೆಗಳು



ಕೋಲಾರ, ತುಮಕೂರಿನಂಥ ಗಟ್ಟಿ ಶಿಲೆಯ ಪ್ರದೇಶದಲ್ಲಿ ನೀರು ನಿಲ್ಲುವುದು ಶಿಥಿಲ ಶಿಲೆಯಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಕೊಳವೆ ಬಾವಿ ಕೊರೆಸುವ ಮುನ್ನ ಈ ಪದರಗಳನ್ನು ತಿಳಿಯಲು ಕಂಪನ ಸಮೀಕ್ಷೆ ಒಂದು ವಿಧಾನ. ನೆಲದ ಮೇಲೆ ಲೋಹದ ತಟ್ಟೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಸಾಲಾಗಿ ನೆಟ್ಟ ಜಿಯೋಫೋನುಗಳು ಅಲೆ ತಲುಪಿದ ವೇಳೆಯನ್ನು ದಾಖಲಿಸುತ್ತವೆ. ಒಣ ಸಡಿಲ ಮಣ್ಣಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್. ಗಟ್ಟಿ ಗ್ರಾನೈಟಿನಲ್ಲಿ ಸುಮಾರು 5,000 ಮೀಟರ್.

ಮುಂದಿನದು ಗಣಕಯಂತ್ರದ ಕೆಲಸ. ಪದರಗಳ ಆಳ ಮತ್ತು ವೇಗವನ್ನು ಮೊದಲು ಊಹಿಸಿ, ನೆಲದಾಳವನ್ನು ಪಾತಿಗಳಂತೆ ಸಣ್ಣ ಚೌಕಗಳಾಗಿ ವಿಂಗಡಿಸುತ್ತಾರೆ. ಅಲೆಯು ಚೌಕದಿಂದ ಚೌಕಕ್ಕೆ ಸಾಗುವ ವೇಳೆಯನ್ನು ಯಂತ್ರ ಲೆಕ್ಕ ಹಾಕುತ್ತದೆ. ಅದು ಅಳೆದ ವೇಳೆಗೆ ಹೊಂದುವವರೆಗೆ ಊಹೆಯನ್ನು ತಿದ್ದುತ್ತಾರೆ.

ಆದ್ದರಿಂದ ದೊರೆಯುವ ಚಿತ್ರ ಫೋಟೋ ಅಲ್ಲ, ಲೆಕ್ಕ. ಬೇರೆ ಬೇರೆ ಊಹೆಗಳಿಗೂ ಒಂದೇ ಉತ್ತರ ಬರಬಹುದು. ನೀರು ತುಂಬಿದ ಮರಳಿನಲ್ಲೂ ಒಣ ಶಿಥಿಲ ಶಿಲೆಯಲ್ಲೂ ವೇಗ ಹೆಚ್ಚುಕಡಿಮೆ ಒಂದೇ ಇರಬಹುದು. ಕಿರಿದಾದ ಬಿರುಕು ಕಾಣದೆ ಹೋಗಬಹುದು. ಬಂಡೆಯ ಆಳ ತಿಳಿದ ಮಾತ್ರಕ್ಕೆ ನೀರು ಖಚಿತವೆಂದು ಭಾವಿಸಬೇಡಿ. ವಿದ್ಯುತ್ ನಿರೋಧ ಪರೀಕ್ಷೆಯ ಫಲಿತಾಂಶವನ್ನೂ ಅಕ್ಕಪಕ್ಕದ ಬಾವಿಗಳ ಅನುಭವವನ್ನೂ ಜೊತೆಗಿಟ್ಟು ನೋಡಿದ ನಂತರವೇ ಸಾಲಕ್ಕೆ ಕೈ ಹಾಕಿ.