ಸಹಿ ಹಾಕದವರ ಹಟ

1787ರ ಸೆಪ್ಟೆಂಬರ್ 12ರ ಹೊತ್ತಿಗೆ ಫಿಲಡೆಲ್ಫಿಯಾದ ಸಂವಿಧಾನ ಸಭೆ ತನ್ನ ಕೆಲಸ ಮುಗಿಸುವ ಅವಸರದಲ್ಲಿತ್ತು. ಮೇ ತಿಂಗಳಿಂದ ಮುಚ್ಚಿದ ಬಾಗಿಲ ಹಿಂದೆ ವಾದಿಸಿ ದಣಿದಿದ್ದ ಪ್ರತಿನಿಧಿಗಳ ಮುಂದೆ ವರ್ಜೀನಿಯಾದ ಜಾರ್ಜ್ ಮೇಸನ್ ಒಂದು ಬೇಡಿಕೆ ಇಟ್ಟರು. ಸಂವಿಧಾನದ ಜೊತೆ ನಾಗರಿಕರ ಹಕ್ಕುಗಳ ಪಟ್ಟಿಯೊಂದು ಇರಲಿ, ರಾಜ್ಯಗಳ ಘೋಷಣೆಗಳು ಎದುರಿಗಿರುವಾಗ ಅದನ್ನು ಬರೆಯಲು ಕೆಲವೇ ಗಂಟೆ ಸಾಕು ಎಂದರು. ಈ ಮಾತಾಡುವ ಅಧಿಕಾರ ಅವರಿಗಿತ್ತು, ಏಕೆಂದರೆ 1776ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆಯನ್ನು ಮುಖ್ಯವಾಗಿ ಬರೆದವರೇ ಅವರು. ಮತ ಹಾಕಿದ ರಾಜ್ಯಗಳಲ್ಲಿ ಒಂದೂ ಅವರ ಪರ ನಿಲ್ಲಲಿಲ್ಲ. ಐದು ದಿನಗಳ ನಂತರ 39 ಮಂದಿ ಸಹಿ ಮಾಡಿದರು. ಮೇಸನ್, ಎಲ್ಬ್ರಿಜ್ ಗೆರಿ, ಎಡ್ಮಂಡ್ ರಾಂಡಾಲ್ಫ್ ಮಾಡಲಿಲ್ಲ. ಅಮೆರಿಕದ ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ, ಸಿವಿಲ್ ಪ್ರಕರಣಗಳಲ್ಲಿ ಜ್ಯೂರಿ ವಿಚಾರಣೆಯ ಹಕ್ಕು ಇವನ್ನೆಲ್ಲ ಸಂವಿಧಾನ ನಿರ್ಮಾತೃಗಳ ದೂರದೃಷ್ಟಿಯ ಫಲವೆಂದು ಹೊಗಳುವುದು ವಾಡಿಕೆ. ಇಂದು ನಾನು ವಾದಿಸಹೊರಟಿರುವುದು ಅದಕ್ಕೆ ತದ್ವಿರುದ್ಧವಾದದ್ದು. ಆ ಹಕ್ಕುಗಳು ಕಾಗದಕ್ಕೆ ಬಂದದ್ದು ನಿರ್ಮಾತೃಗಳನ್ನು ನಂಬದಿದ್ದವರ ಹಟದಿಂದ.

ಬೇಡ ಎಂದವರು ಮೂರ್ಖರಾಗಿರಲಿಲ್ಲ. ರಾಜ್ಯಗಳ ಘೋಷಣೆಗಳು ಜಾರಿಯಲ್ಲಿಯೇ ಇರುವಾಗ ಇನ್ನೊಂದು ಯಾಕೆ ಎಂದು ರೋಜರ್ ಶರ್ಮನ್ ಕೇಳಿದರು. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಪಟ್ಟಿ ಅನಗತ್ಯ ಮಾತ್ರವಲ್ಲ, ಅಪಾಯಕಾರಿ. ಪತ್ರಿಕೆಗಳನ್ನು ನಿಯಂತ್ರಿಸುವ ಅಧಿಕಾರವನ್ನೇ ಒಕ್ಕೂಟ ಸರ್ಕಾರಕ್ಕೆ ಕೊಟ್ಟಿಲ್ಲ. ಹಾಗಿರುವಾಗ ನಿಯಂತ್ರಿಸಬಾರದು ಎಂದು ಬರೆದರೆ, ಅಂಥ ಅಧಿಕಾರ ಎಲ್ಲೋ ಇದೆ ಎಂದು ವಾದಿಸಲು ನಾವೇ ನೆಪ ಕೊಟ್ಟಂತಾಗುತ್ತದೆ ಎಂಬುದು ಅವರ ತರ್ಕ. ಈ ತರ್ಕ ಚೊಕ್ಕವಾಗಿದೆ, ಆದರೆ ಸಂವಿಧಾನದ ಪಠ್ಯವೇ ಅದನ್ನು ಸುಳ್ಳು ಮಾಡಿತು. ಮೊದಲ ವಿಧಿಯ 9ನೇ ವಿಭಾಗ ಹೇಬಿಯಸ್ ಕಾರ್ಪಸ್ಸಿಗೆ ರಕ್ಷಣೆ ಕೊಟ್ಟಿತ್ತು, ಹಿಂದಿನ ಕೃತ್ಯವನ್ನು ಹೊಸ ಕಾನೂನಿನಿಂದ ಅಪರಾಧವಾಗಿಸುವುದನ್ನು ನಿಷೇಧಿಸಿತ್ತು. ಕೊಡದ ಅಧಿಕಾರವನ್ನು ನಿಷೇಧಿಸುವ ಅಗತ್ಯವಿಲ್ಲದಿದ್ದರೆ ಇವು ಅಲ್ಲಿ ಯಾಕೆ ಬಂದವು? ಬ್ರೂಟಸ್ ಎಂಬ ಗುಪ್ತನಾಮದಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬರೆಯುತ್ತಿದ್ದ ಲೇಖಕ ಕೇಳಿದ್ದು ಇದನ್ನೇ. ಅದಕ್ಕೆ ತೃಪ್ತಿಕರವಾದ ಉತ್ತರ ಹ್ಯಾಮಿಲ್ಟನ್ ಕಡೆಯಿಂದ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ವಾದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಲೆಕ್ಕ. ಸಂವಿಧಾನಕ್ಕೆ ರಾಜ್ಯಗಳ ಅನುಮೋದನೆ ಬೇಕಿತ್ತು. 1788ರ ಫೆಬ್ರವರಿಯಲ್ಲಿ ಮಸಾಚುಸೆಟ್ಸ್ 187ಕ್ಕೆ 168 ಮತಗಳಿಂದ ಒಪ್ಪಿತು. ಅದೂ ತಿದ್ದುಪಡಿಗಳ ಶಿಫಾರಸು ಜೊತೆಗಿಟ್ಟ ಮೇಲೆ. ವರ್ಜೀನಿಯಾದಲ್ಲಿ 89-79, ನ್ಯೂಯಾರ್ಕಿನಲ್ಲಿ 30-27. ಉತ್ತರ ಕ್ಯಾರೊಲಿನಾ ಹಕ್ಕುಗಳ ಪಟ್ಟಿಯಿಲ್ಲದೆ ಒಪ್ಪುವುದಿಲ್ಲ ಎಂದು ಹೊರಗೇ ಉಳಿಯಿತು. ಇಷ್ಟಾದರೂ ಜೇಮ್ಸ್ ಮ್ಯಾಡಿಸನ್ ಆ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿದ್ದ ಜೆಫರ್ಸನ್‌ಗೆ ಬರೆದ ಪತ್ರದಲ್ಲಿ, ಇಂಥ ಪಟ್ಟಿಗಳು ಬಹುಮತದ ಎದುರು ಬರಿ ಕಾಗದದ ಬೇಲಿ ಎಂಬ ಅನುಮಾನವನ್ನೇ ತೋಡಿಕೊಂಡರು. ಮುಂದಿನ ಚಳಿಗಾಲದಲ್ಲಿ ಅವರು ಪ್ರತಿನಿಧಿ ಸಭೆಗೆ ಸ್ಪರ್ಧಿಸಬೇಕಾಯಿತು. ಎದುರಾಳಿ ಜೇಮ್ಸ್ ಮನ್ರೋ ತಿದ್ದುಪಡಿಗಳ ಪರ. ಕ್ಷೇತ್ರದಲ್ಲಿ ಬ್ಯಾಪ್ಟಿಸ್ಟರು ಗಣನೀಯವಾಗಿದ್ದರು. ಸರ್ಕಾರಿ ಚರ್ಚಿನ ಕಾಲದಲ್ಲಿ ಬೋಧಿಸಿದ ತಪ್ಪಿಗೆ ಸೆರೆಮನೆ ಕಂಡಿದ್ದ ಪಾದ್ರಿಗಳ ಪಂಥ ಅದು. ಸರ್ಕಾರದ ಒಳ್ಳೆಯತನ ನಂಬಿ ಕೂರುವ ಜನ ಅವರಲ್ಲ. ಮ್ಯಾಡಿಸನ್ ತಿದ್ದುಪಡಿಗಳಿಗೆ ಶ್ರಮಿಸುವುದಾಗಿ ಬಹಿರಂಗ ವಚನ ಕೊಟ್ಟರು, 336 ಮತಗಳಿಂದ ಗೆದ್ದರು, 1789ರ ಜೂನ್ 8ರಂದು ಪ್ರತಿನಿಧಿ ಸಭೆಯಲ್ಲಿ ಎದ್ದು ನಿಂತು ಮಾತು ಉಳಿಸಿಕೊಂಡರು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮ್ಯಾಡಿಸನ್ ಮನಸ್ಸು ಬದಲಿಸಿದ್ದು ಜೆಫರ್ಸನ್‌ರ ಪತ್ರಗಳಿಂದ, ಮತಗಳಿಗಾಗಿ ಅಲ್ಲ ಎಂಬುದು ಮೊದಲನೆಯದು. ಜೆಫರ್ಸನ್‌ರ ಪ್ರಭಾವವನ್ನು ಅಲ್ಲಗಳೆಯಲಾಗದು: ಘೋಷಣೆಯೊಂದಿದ್ದರೆ ಅದು ನ್ಯಾಯಾಲಯದ ಕೈಯಲ್ಲಿ ತಡೆಯಾಗುತ್ತದೆ ಎಂದು ಅವರು ಬರೆದರು, ಮ್ಯಾಡಿಸನ್ ಅದೇ ಮಾತನ್ನು ಸಭೆಯಲ್ಲಿ ಬಳಸಿದರು. ಆದರೆ ಮನವೊಪ್ಪಿದವರೆಲ್ಲ ಹೋರಾಡುವುದಿಲ್ಲ. ತೆರಿಗೆ, ಸುಂಕ, ಇಲಾಖೆಗಳ ರಚನೆ ಕಾದಿದ್ದ ಮೊದಲ ಕಾಂಗ್ರೆಸ್ಸಿನಲ್ಲಿ, ತಮ್ಮ ಪಕ್ಷದವರೇ ಮುಖ ಸಿಂಡರಿಸುತ್ತಿದ್ದಾಗ, ಪಟ್ಟು ಹಿಡಿದು ಈ ವಿಷಯ ಮುಂದಕ್ಕೆ ತಳ್ಳಲು ವಚನದ ಭಾರವೂ ಹೊರಗುಳಿದ ರಾಜ್ಯಗಳ ಭಯವೂ ಬೇಕಾಯಿತು. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ವಿರೋಧಿಗಳು ಹಕ್ಕುಪ್ರಿಯರೇ ಆಗಿರಲಿಲ್ಲ. ಅವರಿಗೆ ಬೇಕಾದದ್ದು ರಾಜ್ಯಗಳ ಅಧಿಕಾರ, ಮುಖ್ಯವಾಗಿ ಒಕ್ಕೂಟದ ತೆರಿಗೆ ಹಕ್ಕಿಗೆ ಕಡಿವಾಣ. ಮೇಸನ್ ಮತ್ತು ವರ್ಜೀನಿಯಾದ ಇನ್ನೊಬ್ಬ ವಿರೋಧಿ ಪ್ಯಾಟ್ರಿಕ್ ಹೆನ್ರಿ ಇಬ್ಬರೂ ಗುಲಾಮರ ಒಡೆಯರು. ಅವರು ಕೇಳಿದ ಸ್ವಾತಂತ್ರ್ಯದಲ್ಲಿ ಅವರ ಹೊಲಗಳಲ್ಲಿ ದುಡಿಯುತ್ತಿದ್ದವರಿಗೆ ಕವಡೆಯಷ್ಟೂ ಪಾಲಿರಲಿಲ್ಲ. ಇದಿಷ್ಟೂ ನಿಜ. ನನ್ನ ವಾದಕ್ಕೆ ಅವರು ಸಜ್ಜನರಾಗಿರಬೇಕಾದ ಅಗತ್ಯವೇ ಇಲ್ಲ. ಮ್ಯಾಡಿಸನ್ ಜಾಣತನದಿಂದ ಅವರ ಬೇಡಿಕೆಯಲ್ಲಿದ್ದ ಹಕ್ಕುಗಳನ್ನಷ್ಟೇ ಆರಿಸಿಕೊಂಡು ತೆರಿಗೆಯ ಕಡಿವಾಣವನ್ನು ಕೈಬಿಟ್ಟರು, ಹೆನ್ರಿ ಸಿಟ್ಟಾದರು. ಹೆನ್ರಿಯ ಸಿಟ್ಟು ಆಕ್ಷೇಪದ ಮೊದಲರ್ಧವನ್ನು ಖಚಿತಪಡಿಸುತ್ತದೆ, ಜೊತೆಗೆ ಸ್ವಾರ್ಥದ ಒತ್ತಡದಿಂದಲೂ ಸಾರ್ವಜನಿಕ ಲಾಭ ಹುಟ್ಟಬಹುದೆಂದು ತೋರಿಸುತ್ತದೆ.

ಪ್ರತಿನಿಧಿ ಸಭೆ 17 ತಿದ್ದುಪಡಿಗಳನ್ನು ಕಳಿಸಿತು, ಸೆನೆಟ್ ಹಿಂಡಿ 12 ಮಾಡಿತು, 1791ರ ಡಿಸೆಂಬರ್ 15ರ ವೇಳೆಗೆ ರಾಜ್ಯಗಳು 10ನ್ನು ಅನುಮೋದಿಸಿದ್ದವು. ಸೆನೆಟ್ ಕಿತ್ತುಹಾಕಿದ್ದರಲ್ಲಿ ಮ್ಯಾಡಿಸನ್ ಎಲ್ಲಕ್ಕಿಂತ ಮುಖ್ಯವೆಂದು ಭಾವಿಸಿದ್ದ ಒಂದಿತ್ತು: ಯಾವ ರಾಜ್ಯವೂ ಆತ್ಮಸಾಕ್ಷಿ, ಪತ್ರಿಕಾ ಸ್ವಾತಂತ್ರ್ಯ, ಕ್ರಿಮಿನಲ್ ಪ್ರಕರಣಗಳಲ್ಲಿ ಜ್ಯೂರಿ ವಿಚಾರಣೆ ಇವನ್ನು ಉಲ್ಲಂಘಿಸಕೂಡದು. ಒಕ್ಕೂಟದ ಮೇಲಿನ ಅಪನಂಬಿಕೆಗೆ ವಕೀಲರಿದ್ದರು, ರಾಜ್ಯಗಳ ಮೇಲಿನ ಅಪನಂಬಿಕೆಗೆ ಮ್ಯಾಡಿಸನ್ ಬಿಟ್ಟರೆ ಹೆಚ್ಚು ಮಂದಿ ಇರಲಿಲ್ಲ. ಬೇಡಿಕೆಯೇ ಇಲ್ಲದ ಕಡೆ ಹಕ್ಕೂ ಹುಟ್ಟಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಅದರ ಬೆಲೆ ತೆತ್ತವರಲ್ಲಿ ಬಾಲ್ಟಿಮೋರ್‌ನ ಬ್ಯಾರನ್ ಒಬ್ಬರು. ನಗರಸಭೆ ಹಳ್ಳಗಳ ದಿಕ್ಕು ತಿರುಗಿಸಿದ್ದರಿಂದ ಅವರ ಹಡಗುಕಟ್ಟೆಯ ಮುಂದೆ ಹೂಳು ತುಂಬಿ ಹಡಗು ಬರದಂತಾಯಿತು. 5ನೇ ತಿದ್ದುಪಡಿಯ ಪ್ರಕಾರ ಪರಿಹಾರ ಕೇಳಿದರು. 1833ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಕೊಟ್ಟ ತೀರ್ಪು: ಆ ಹಕ್ಕುಗಳು ಒಕ್ಕೂಟ ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತವೆ, ರಾಜ್ಯಗಳನ್ನಲ್ಲ.

ಅದೇ 5ನೇ ತಿದ್ದುಪಡಿಯ ಇನ್ನೊಂದು ಭಾಗ, ನ್ಯಾಯಸಮ್ಮತ ಪ್ರಕ್ರಿಯೆಯಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದೆಂಬುದು, ನಮ್ಮ ಸಂವಿಧಾನದ ಕರಡನ್ನೂ ತಟ್ಟಿತು. ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್‌ರನ್ನು ಕಂಡರು. ಆ ಮಾತು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆಂದು ಎಚ್ಚರಿಸಿದವರು ಫ್ರಾಂಕ್‌ಫರ್ಟರ್; ಕೊನೆಗೆ ನಮ್ಮ 21ನೇ ವಿಧಿಯಲ್ಲಿ ಕಾನೂನು ನಿಗದಿಪಡಿಸಿದ ಕಾರ್ಯವಿಧಾನ ಎಂಬಷ್ಟೇ ಉಳಿಯಿತು. ಅಮೆರಿಕದಲ್ಲಿ ಮಾತ್ರ ಸೆನೆಟ್ ಕಿತ್ತುಹಾಕಿದ್ದನ್ನು ಮರಳಿ ತರಲು ಅಂತರ್ಯುದ್ಧ ನಡೆದು, 1868ರಲ್ಲಿ 14ನೇ ತಿದ್ದುಪಡಿ ಬರಬೇಕಾಯಿತು. ರಾಜ್ಯಗಳೂ ವಾಕ್ ಸ್ವಾತಂತ್ರ್ಯಕ್ಕೆ ಬದ್ಧ ಎಂಬುದನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡು ಮಾತನಾಡಿದ್ದು 1925ರಲ್ಲಿ, ಸಮಾಜವಾದಿ ಬೆಂಜಮಿನ್ ಗಿಟ್ಲೋ ಪ್ರಕರಣದಲ್ಲಿ. ತತ್ತ್ವವನ್ನು ಒಪ್ಪಿದ ಅದೇ ತೀರ್ಪು ಗಿಟ್ಲೋಗೆ ಆಗಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತು.