ಅಜ್ಜಿಯ ಗೋಡೆ, ನನ್ನ ಹಲಗೆ



ನೈಸರ್ಗಿಕ ವಸ್ತುಗಳಿಂದ ಮನೆಯ ಗೋಡೆಗಳ ಅಲಂಕಾರ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಹಿಂಜರಿದೆ. ನಾನು ಕಲಾವಿದೆಯಲ್ಲ. ಓದಿದ್ದು ಎಂ.ಟೆಕ್., ಹಿಂಜವಡಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಆದರೂ ಒಪ್ಪಿಕೊಂಡೆ, ಏಕೆಂದರೆ ಗೋಡೆಯ ವಿಷಯದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಹೇಳಿಕೊಂಡರೆ ನಿಮಗೂ ಉಪಯೋಗವಾದೀತು ಎನಿಸಿತು.

ನನ್ನ ತವರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿಯ ಮನೆಯದು ಮಣ್ಣಿನ ಗೋಡೆ. ಪ್ರತಿ ವರ್ಷ ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾದಾಗ ಅಜ್ಜಿ ಸೆರಗು ಕಟ್ಟಿ ನಿಲ್ಲುತ್ತಿದ್ದಳು. ಬಿರುಕಿಗೆ ಮಣ್ಣು ಮೆತ್ತುವುದು, ಸಗಣಿಯಲ್ಲಿ ಸಾರಿಸುವುದು, ಅದರ ಮೇಲೆ ಕೆಮ್ಮಣ್ಣು ಬಳಿಯುವುದು. ಒಣಗಿದ ಮೇಲೆ ಶೇಡಿಯಲ್ಲಿ, ಅಂದರೆ ನಮ್ಮ ಕಡೆಯ ಬಿಳಿ ಜೇಡಿಯಲ್ಲಿ, ಬಾಗಿಲಿನ ಸುತ್ತ ಎಳೆ ಎಳೆಯುವುದು. ಕೆಮ್ಮಣ್ಣು ಕಲೆಸಿ ಕೊಡುವ ಕೆಲಸ ನಮ್ಮದು, ಮಕ್ಕಳದು. ಕೆಲಸಕ್ಕಿಂತ ಮೈಗೆ ಬಳಿದುಕೊಂಡದ್ದೇ ಹೆಚ್ಚು.

ನಮ್ಮೂರಿನ ದೀವರ ಮನೆಗಳ ಸೊಗಸೇ ಬೇರೆ. ಅವರದು ಹಸೆ ಚಿತ್ತಾರ. ಮದುವೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಯ ಮೇಲೆ ಹೆಂಗಸರು ಅದನ್ನು ಬರೆಯುತ್ತಾರೆ. ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಬಣ್ಣಗಳು. ಒಂದನ್ನೂ ಅಂಗಡಿಯಿಂದ ತರಬೇಕಾಗಿರಲಿಲ್ಲ.

ಈಗ ನನ್ನ ತಪ್ಪಿನ ಕಥೆ. 2014ರಲ್ಲಿ ಮನೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ನನಗೆ ಹೊಸ ಕೆಲಸ, ಕೈಯಲ್ಲಿ ಸಂಬಳ. ಮನೆಗೆಲ್ಲ ಒಳ್ಳೆಯ ಪ್ಲಾಸ್ಟಿಕ್ ಪೇಂಟ್ ಹೊಡೆಸಿ ಎಂದು ದುಡ್ಡು ಕಳಿಸಿದೆ. ಅಜ್ಜಿ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಗೋಡೆಗೂ ಉಸಿರಾಡಕ್ಕೆ ಬೇಕಲ್ಲ ಮಗಾ." ನಾನು ನಕ್ಕು, "ಇದು ತೊಳೆಯುವ ಪೇಂಟ್ ಅಜ್ಜಿ, ಇನ್ನು ಐದು ವರ್ಷ ನೀನು ಗೋಡೆಗೆ ಏನೂ ಮಾಡಬೇಕಾಗಿಲ್ಲ" ಎಂದೆ.

ಮದುವೆಯ ಫೋಟೋಗಳು ಚೆನ್ನಾಗಿ ಬಂದವು. ಎರಡನೆಯ ಮಳೆಗಾಲಕ್ಕೆ ಗೋಡೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಬಣ್ಣ ಹಪ್ಪಳದ ಹಾಗೆ ಬಿಟ್ಟುಕೊಂಡಿತು, ಜೊತೆಗೆ ಗಿಲಾವಿನ ಮಣ್ಣೂ ಕಿತ್ತು ಬಂತು.

ಕಾರಣ ಸರಳ. ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತದೆ, ಹೀರಿದ್ದನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಕೆಮ್ಮಣ್ಣು, ಸುಣ್ಣ, ಶೇಡಿ ಈ ಆವಿಯನ್ನು ತಡೆಯುವುದಿಲ್ಲ. ಪ್ಲಾಸ್ಟಿಕ್ ಪೇಂಟ್ ಒಣಗಿದಾಗ ಆಗುವುದು ತೆಳುವಾದ ಪ್ಲಾಸ್ಟಿಕ್ ಪೊರೆ. ಒಳಗೆ ಸಿಕ್ಕಿಬಿದ್ದ ನೀರು ದಾರಿ ಹುಡುಕುತ್ತ ಪೊರೆಯನ್ನೇ ತಳ್ಳುತ್ತದೆ. ಅಜ್ಜಿ "ಉಸಿರು" ಎಂದದ್ದು ಇದನ್ನೇ. ನಾನು ಓದಿದ ವಿಜ್ಞಾನವೇ, ಅವಳ ಬಾಯಲ್ಲಿ ಬಂದದ್ದರಿಂದ ನನಗೆ ಕೇಳಿಸಲಿಲ್ಲ.

ಗೋಡೆ ಹಾಳಾದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಮದುವೆಯ ಪೇಂಟ್ ಬಂದ ಮೇಲೆ ದೀಪಾವಳಿಗೆ ಅಜ್ಜಿಯನ್ನು ಯಾರೂ ಗೋಡೆಯ ಹತ್ತಿರ ಕರೆಯಲಿಲ್ಲ. "ಏನೂ ಮಾಡಬೇಕಾಗಿಲ್ಲ" ಎಂದಿದ್ದೆನಲ್ಲ, ಹಾಗೇ ಆಯಿತು. ಮುಂದೆ ಆ ಪೇಂಟನ್ನೆಲ್ಲ ಕೆರೆಸಿ ಮತ್ತೆ ಮಣ್ಣು ಮೆತ್ತಿಸುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅಮ್ಮ ಶೇಡಿ ಕಲೆಸಿಕೊಂಡು ಬಾಗಿಲ ಪಕ್ಕದ ಎಳೆಗಳನ್ನು ಬರೆದಳು. ಮೂಲೆಗೆ ಬಂದಾಗ ಕೈ ನಿಂತಿತು. ಮೂಲೆಯಲ್ಲಿ ಎರಡು ಎಳೆಗಳನ್ನು ಅಜ್ಜಿ ಒಂದು ರೀತಿ ಹೆಣೆದು ತಿರುಗಿಸುತ್ತಿದ್ದಳು. ಅದು ಅಮ್ಮನಿಗೆ ನೆನಪಿಲ್ಲ, ನನಗೂ ಇಲ್ಲ. ಮದುವೆಯ ನೂರಾರು ಫೋಟೋಗಳಲ್ಲಿ ಹುಡುಕಿದೆವು. ಎಲ್ಲದರಲ್ಲೂ ಹೊಸ ಪೇಂಟ್!

ಗೆಳತಿಯರೆ, ಈಗ ನಮ್ಮ ಪುಣೆಯ ಫ್ಲ್ಯಾಟುಗಳಿಗೆ ಬರೋಣ. ನಮ್ಮಲ್ಲಿ ಬಹಳ ಮಂದಿ ಬಾಡಿಗೆ ಮನೆಯವರು. ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಇಲ್ಲಿ ಕೆಮ್ಮಣ್ಣು ಬಳಿಯುವುದು ಎಲ್ಲಿಂದ ಬಂತು? ಅದಕ್ಕೆ ನಾನು ಕಂಡುಕೊಂಡ ದಾರಿ ಹಲಗೆ. ಹಳೆಯ ಕಪಾಟಿನ ಪ್ಲೈವುಡ್ ಬಾಗಿಲು, ಸುಮಾರು 2 ಅಡಿ ಅಗಲ, 3 ಅಡಿ ಉದ್ದ. ಅದಕ್ಕೆ ಹಳೆಯ ನೂಲಿನ ಸೀರೆಯ ತುಂಡನ್ನು ಗಂಜಿಯಲ್ಲಿ ಅಂಟಿಸಿದೆ. ಕೆಮ್ಮಣ್ಣು ಇಲ್ಲಿಯೂ ಸಿಗುತ್ತದೆ. ತುಳಸಿ ವೃಂದಾವನಕ್ಕೆ, ಹೂವಿನ ಕುಂಡಕ್ಕೆ ಬಳಿಯುವ ಗೇರು ಅದೇ ಜಾತಿಯದು. ಕಾಲು ಕಿಲೋ ಸಾಕು. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕರಗಿಸಿದ ಜಾಲಿ ಗೋಂದು ಸ್ವಲ್ಪ ಬೆರೆಸಿ. ಗೋಂದು ಇಲ್ಲದಿದ್ದರೆ ಒರಗಿದವರ ಬೆನ್ನಿಗೆಲ್ಲ ಕೆಂಪು. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ, ಒಟ್ಟು ಮೂರು ಕೈ ಬಳಿಯಿರಿ. ನನಗೆ ತಗುಲಿದ ಖರ್ಚು 300 ರೂಪಾಯಿಯ ಒಳಗೆ.

ಕುಂಚಕ್ಕೆ ಸೆಣಬಿನ ದಾರದ ತುದಿಯನ್ನು ಕಲ್ಲಿನಿಂದ ಜಜ್ಜಿಕೊಂಡೆ. ಉತ್ತರ ಕರ್ನಾಟಕದ ಗೆಳತಿಯರು ಇಲ್ಲಿನ ಮಂಡಿಯಲ್ಲಿ ಪುಂಡಿಪಲ್ಯಕ್ಕೆ "ಅಂಬಾಡಿ" ಎಂದು ಕೇಳಿ ತರುತ್ತೀರಲ್ಲ, ಹಸೆ ಚಿತ್ತಾರದ ಕುಂಚದ ನಾರು ಆ ಪುಂಡಿಯದೇ.

ನೈಸರ್ಗಿಕ ಎಂದ ಕೂಡಲೇ ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. ನನ್ನ ಮೊದಲ ಹಲಗೆಯನ್ನು ಅರೆದ ಅಕ್ಕಿಯಲ್ಲಿ ಬರೆದಿದ್ದೆ. ಒಂದು ವಾರದಲ್ಲಿ ಜಿರಳೆಗಳು ಎತ್ತಿನ ಎರಡು ಕಾಲು ತಿಂದು ಮುಗಿಸಿದವು. ಉಳಿದದ್ದಕ್ಕೆ ಜುಲೈ ತಿಂಗಳಲ್ಲಿ ಬೂಸ್ಟು ಹಿಡಿಯಿತು. ಎರಡನೆಯ ಹಲಗೆಗೆ ಅಕ್ಕಿಯ ಬದಲು ಸುಣ್ಣ ಬಳಸಿದೆ. ಸುಣ್ಣ ಬಲವಾದ ಕ್ಷಾರ, ಬೂಸ್ಟು ಸುಲಭವಾಗಿ ಬೆಳೆಯುವುದಿಲ್ಲ. ಹಚ್ಚಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗಿ ಗಟ್ಟಿಯಾಗುತ್ತದೆ. ಆದರೆ ಕಣ್ಣಿಗೆ, ಚರ್ಮಕ್ಕೆ ಅಪಾಯ. ಕೈಗವಸು, ಕನ್ನಡಕ ಬೇಕೇ ಬೇಕು, ಮಕ್ಕಳು ಮುಟ್ಟಬಾರದು. ಸ್ವಂತ ಮನೆಯವರಿಗೆ ಇನ್ನೊಂದು ಮಾತು: ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ, ಪುಡಿಯಾಗಿ ಉದುರುತ್ತದೆ. ಬಣ್ಣವನ್ನು ಗಿಲಾವಿನವರೆಗೆ ಕೆರೆಸಿದರೆ ಮಾತ್ರ ಆ ಯೋಚನೆ ಮಾಡಿ.

ಅಂಗಡಿಗಳಲ್ಲಿ "ಪರಿಸರಸ್ನೇಹಿ" ಎಂಬ ಚೀಟಿ ಅಂಟಿಸಿದ ಗೋಡೆಯ ವಸ್ತುಗಳು ಬೇಕಾದಷ್ಟಿವೆ. ಕೊಳ್ಳುವ ಮೊದಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಎಲ್ಲಿಂದ ಬಂತು? ತೆಗೆದ ಮೇಲೆ ಎಲ್ಲಿಗೆ ಹೋಗುತ್ತದೆ? ಅಜ್ಜಿಯ ಮನೆಯ ಗೋಡೆಯಿಂದ ಕೆರೆದ ಪೇಂಟ್ ಚೀಲಗಟ್ಟಲೆ ಪ್ಲಾಸ್ಟಿಕ್ ಕಸವಾಯಿತು. ನನ್ನ ಹಾಳಾದ ಹಲಗೆಯ ಕೆಮ್ಮಣ್ಣನ್ನು ತೊಳೆದ ನೀರು ದಾಸವಾಳದ ಕುಂಡಕ್ಕೆ ಹೋಯಿತು.

ನಾವಿರುವ ನಾಡಿನ ಗೋಡೆಗಳನ್ನೂ ನೋಡಿ. ಪಾಲಘರ್, ಡಹಾಣು ಕಡೆಯ ವಾರ್ಲಿ ಹೆಂಗಸರು ಮದುವೆಗೆಂದು ಕೆಂಪು ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ದೇವಿಯ ಚೌಕ ಬರೆಯುತ್ತಾರೆ. ಜೀವ್ಯಾ ಸೋಮಾ ಮಾಶೆ ಅವರಿಂದ ಆ ಕಲೆ ಕಾಗದಕ್ಕೆ, ಬಟ್ಟೆಗೆ ಇಳಿದು ಜಗತ್ತು ನೋಡಿತು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಮಲೆನಾಡಿನ ಹಸೆ ಗೋಡೆಗೂ ಇಲ್ಲಿನ ವಾರ್ಲಿ ಚೌಕಕ್ಕೂ ಅದೇ ಕೆಂಪು, ಅದೇ ಅಕ್ಕಿ, ಅದೇ ಮದುವೆ. ಇವುಗಳನ್ನು ಮನೆಗೆ ತರುವಾಗ ಮುದ್ರಿಸಿದ ಸ್ಟಿಕ್ಕರ್ ಬೇಡ. ಬರೆದವರ ಕೈಯಿಂದಲೇ ಕೊಂಡುಕೊಳ್ಳಿ, ಅದು ಯಾರ ಕಲೆ ಎಂದು ಮನೆಗೆ ಬಂದವರಿಗೆ ಹೇಳಿ.

ಅಜ್ಜಿಯ ಕೆಮ್ಮಣ್ಣು ಒಂದು ವರ್ಷಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ನನಗೆ ಅದು ಕೊರತೆಯಾಗಿ ಕಂಡಿತ್ತು. ಪ್ರತಿ ವರ್ಷ ಅಳಿಸಿ ಹೋಗುತ್ತಿದ್ದುದರಿಂದಲೇ ಪ್ರತಿ ವರ್ಷ ಯಾರೋ ಕೂತು ಬರೆಯುತ್ತಿದ್ದರು, ಪಕ್ಕದಲ್ಲಿ ಕೂತವರು ಕಲಿಯುತ್ತಿದ್ದರು. ಐದು ವರ್ಷ ಬಾಳುವ ಪೇಂಟ್ ಆ ಐದು ಪಾಠಗಳನ್ನು ನುಂಗಿತು. ಈಗ ನಮ್ಮ ಹಲಗೆಯನ್ನು ಪ್ರತಿ ದೀಪಾವಳಿಗೆ ತೊಳೆದು ಹೊಸದಾಗಿ ಬಳಿಯುತ್ತೇವೆ. ಏಳು ವರ್ಷದ ಮಗಳು ಕೆಮ್ಮಣ್ಣು ಕಲೆಸುತ್ತಾಳೆ. ಮೂಲೆ ಬಂದಾಗ ಪ್ರತಿ ಸಲ, "ಇಲ್ಲಿ ಏನಿತ್ತು ಅಮ್ಮಾ?" ಎನ್ನುತ್ತಾಳೆ. ಅದನ್ನು ಹಾಗೇ ಖಾಲಿ ಬಿಟ್ಟಿದ್ದೇವೆ.

ನಿಮ್ಮ ಮನೆಯ ಮೂಲೆ ಖಾಲಿಯಾಗುವುದು ಬೇಡ. ಇವತ್ತು ಮನೆಗೆ ಹೋಗಿ ನಿಮ್ಮ ಅಮ್ಮನಿಗೋ ಅತ್ತೆಗೋ ದೊಡ್ಡಮ್ಮನಿಗೋ ಫೋನ್ ಮಾಡಿ. ಪಂಚಮಿಗೆ ಗೋಡೆಯ ಮೇಲೆ ನಾಗಪ್ಪನನ್ನು ಹೇಗೆ ಬರೆಯುತ್ತಿದ್ದಿರಿ, ಹೊಸ್ತಿಲಿಗೆ, ತುಳಸಿಕಟ್ಟೆಗೆ ಏನು ಬಳಿಯುತ್ತಿದ್ದಿರಿ ಎಂದು ಕೇಳಿ. ಕಾಗದದ ಮೇಲೆ ಬರೆಸಿಕೊಳ್ಳಿ, ಕೈ ನಡುಗಿದರೂ ಅವರಿಂದಲೇ ಬರೆಸಿ. ಮುಂದಿನ ಸಭೆಗೆ ಆ ಕಾಗದ ತನ್ನಿ. ನಾನು ಕೆಮ್ಮಣ್ಣು ಕಲೆಸಿ ತರುತ್ತೇನೆ.